ಬಿದ್ದ ಮನೆಯೊಳಗಿಂದ ಬಂದ ಉತ್ತರ

ಇಂಥ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಜಹೀರಾಬಾದಿನ ಒಂದು ಶಾಲೆಯಲ್ಲಿ, ಕನ್ನಡ ಮಾಧ್ಯಮದ ತರಗತಿಗಳು ಇದ್ದಷ್ಟು ಕಾಲ, ನಾನು ಕನ್ನಡ ಕಲಿಸಿದವಳು. ಮಕ್ಕಳು ಪ್ರಬಂಧದಲ್ಲಿ ‘ಏನೋ ಒಂದು ಥರ ಭಯವಾಯಿತು’ ಎಂದು ಬರೆದರೆ, ಅದು ಏನು ಎಂಬುದು ಗೊತ್ತಿಲ್ಲದಿದ್ದರೆ ಬರೆಯಬೇಡ ಎಂದು ಕೆಂಪು ಗೆರೆ ಎಳೆಯುತ್ತಿದ್ದೆ. ದೊಡ್ಡವರು ದೆವ್ವದ ಮಾತು ತೆಗೆದರೆ ಅವರನ್ನೂ ಹಾಗೆಯೇ ವಿಚಾರಿಸುತ್ತಿದ್ದೆ: ನೀವು ಎಲ್ಲಿ ನಿಂತಿದ್ದಿರಿ, ಬೆಳಕು ಎಷ್ಟಿತ್ತು, ಜೊತೆಯಲ್ಲಿ ಯಾರಿದ್ದರು? ಬೆಳಕಿನ ಪ್ರಶ್ನೆಗೆ ಬರುವ ಹೊತ್ತಿಗೆ ಹೆಚ್ಚಿನವರು ತಡವರಿಸುತ್ತಿದ್ದರು. ಈಗ ಆ ಪ್ರಶ್ನೆಗಳನ್ನು ನಾನೇ ಎದುರಿಸಬೇಕಾಗಿದೆ. ಆದ್ದರಿಂದ ಉತ್ತರಗಳನ್ನು ಮೊದಲೇ ಕೊಟ್ಟುಬಿಡುತ್ತೇನೆ. ನಾನು ನಿಂತದ್ದು ಬಯಲಿನಲ್ಲಿ. ಬೆಳಕು ಸಂಜೆಯ ಬಿಸಿಲಿನದು. ಜೊತೆಯಲ್ಲಿ ಮನೆಯವರೆಲ್ಲ ಇದ್ದರು. ಕೇಳಿಸಿದ್ದು ನನಗೊಬ್ಬಳಿಗೇ ಅಲ್ಲ. ಕೇಳಿಸದೆ ಹೋದದ್ದು ಮಾತ್ರ ಒಬ್ಬಳಿಗೆ. ನನ್ನನ್ನು ಇಂದಿಗೂ ಕಾಡುವುದು ಆ ಒಬ್ಬಳ ವಿಷಯವೇ.

ನಮ್ಮದು ಜಹೀರಾಬಾದಿನ ಹಳೆಯ ಓಣಿಯೊಂದರಲ್ಲಿ, ಎಲ್ಲ ಕೋಣೆಗಳೂ ಒಂದೇ ಅಂಗಳಕ್ಕೆ ತೆರೆದುಕೊಳ್ಳುವ ಕೂಡುಮನೆ. ನಾನು, ನೀರಾವರಿ ಕಚೇರಿಯಲ್ಲಿ ನೌಕರಿ ಮಾಡುವ ನನ್ನ ಯಜಮಾನರು, ಅವರ ತಮ್ಮ ಸಂಗಮೇಶ, ಅವನ ಹೆಂಡತಿ ಸರಿತಾ, ಮತ್ತು ನಮ್ಮೆಲ್ಲರ ಮೇಲೆ ಅತ್ತೆ. ನಮ್ಮ ಮಗ ಆಗಲೇ ಹೈದರಾಬಾದಿನ ಹಾಸ್ಟೆಲಿನಲ್ಲಿದ್ದ. ಸಂಗಮೇಶ ಬಾಡಿಗೆ ಜೀಪು ಓಡಿಸುತ್ತಾನೆ. ಬೆಳಿಗ್ಗೆ ಮೊಗುಡಂಪಲ್ಲಿಯ ಕಡೆಯಿಂದ ಬೀದರಿಗೆ ಕೂಲಿಗೆ ಹೋಗುವವರನ್ನು ಗಡಿ ದಾಟಿಸಿ, ಸಂಜೆ ಮರಳಿ ತಂದುಬಿಡುತ್ತಾನೆ. ಸರಿತಾ ತಾಂಡೂರಿನವಳು. ಅವಳ ತಂದೆ ಅಲ್ಲಿಯ ಗಣಿಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಸೀಳುವ ಕೆಲಸ ಮಾಡಿದವರು. ಅತ್ತೆಗೆ ಈ ಸಂಬಂಧ ಮೊದಲ ದಿನದಿಂದಲೂ ಒಗ್ಗಿರಲಿಲ್ಲ. ತಾವು ಕರೆದ ಕೂಡಲೆ ಸೊಸೆ ಏಳದಿದ್ದರೆ, “ತಾಂಡೂರ ಪರಸಿ ನೋಡು, ಹಾಸಿದಲ್ಲೇ ಬಿದ್ದಿರ್ತದ,” ಎನ್ನುವರು. ಓಣಿಯ ಹೆಂಗಸರು ನಗುವರು. ಸರಿತಾಳೂ ತಲೆ ತಗ್ಗಿಸಿ ನಗುವಳು. ಮದುವೆಯಾದ ಹೊಸತರಲ್ಲಿ ಅದು ನಗುವಷ್ಟು ಸಣ್ಣ ಮಾತಾಗಿತ್ತು.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಸ್ವಂತದ್ದಾಗಲಿ ಪರರದ್ದಾಗಲಿ, ಯಾವ ಮನೆಯೊಳಕ್ಕೂ ನಾವು ಸದ್ದಿಲ್ಲದೆ ಹೋಗುವುದಿಲ್ಲ. ಹೊಸ್ತಿಲಲ್ಲಿ ನಿಂತು ಕೂಗಬೇಕು, ಒಳಗಿನವರು ಓಗೊಡಬೇಕು, ಆಮೇಲೆ ಕಾಲಿಡಬೇಕು. ಮನೆಗೆ ಬೀಗ ಹಾಕಿದ್ದರೂ, ಮಾಡು ಬಿದ್ದು ಬರಿಯ ಗೋಡೆ ಉಳಿದಿದ್ದರೂ ಹಿರಿಯರು ಕೂಗದೆ ಒಳಗೆ ಹೋಗುವುದಿಲ್ಲ. ಹಾವು, ಚೇಳು ಇದ್ದರೆ ಸರಿದುಹೋಗಲಿ ಎಂದು ಈ ಪದ್ಧತಿ ಬಂದಿರಬೇಕು ಎಂಬುದು ನನ್ನ ವಿವರಣೆ. ಖಾಲಿ ಮನೆ ಎಂಬುದೇ ಲೋಕದಲ್ಲಿ ಇಲ್ಲ ಎಂಬುದು ಅತ್ತೆಯ ವಿವರಣೆ.

ಅತ್ತೆ ಪ್ರತಿದಿನ ಸಂಜೆ ಭಜನೆ ಮುಗಿಸಿ ಬಂದು, ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ, “ಯಾರದಾರವ್ವಾ ಮನ್ಯಾಗ?” ಎಂದು ರಾಗವಾಗಿ ಕೂಗುತ್ತಿದ್ದರು. ಸರಿತಾಳ ಮಗಳು ಪೂಜಾ, ನಾಲ್ಕು ವರ್ಷದ ಕೂಸು, ಚಪ್ಪಲಿಯ ಸದ್ದು ಕೇಳಿದ ತಕ್ಷಣ ಓಡಿಹೋಗಿ ಬಾಗಿಲ ಹಿಂದೆಯೋ ಕೌದಿಯ ಕೆಳಗೋ ಅಡಗಿಕೊಂಡು, ಅಲ್ಲಿಂದಲೇ “ಯಾರೂ ಇಲ್ಲಾ!” ಎಂದು ಉತ್ತರ ಕೊಡುತ್ತಿದ್ದಳು. ಕೊನೆಯ ಅಕ್ಷರವನ್ನು ಎಳೆದು ಎಳೆದು ಮೇಲಕ್ಕೆ ಒಯ್ಯುವಳು. ಅದಾದ ಮೇಲೆ ನಗು ತಡೆಯಲು ಅಂಗೈಯಿಂದ ಬಾಯಿ ಒತ್ತಿಹಿಡಿಯುವಳು. ನಗು ಬೆರಳ ಸಂದಿಯಿಂದ ಉಗುಳಿನೊಡನೆ ಬುರ್ರನೆ ಹೊರಗೆ ಬರುತ್ತಿತ್ತು. “ಯಾರೂ ಇಲ್ಲಂದ್ರ ಈ ಹೋಳಿಗಿ ನಾಯಿಗಿ ಹಾಕ್ತೀನವ್ವಾ,” ಎಂದು ಅತ್ತೆ ಅನ್ನುವುದು, ಕೂಸು ಚೀರುತ್ತ ಹೊರಗೆ ಬರುವುದು ನಮ್ಮ ಮನೆಯ ದಿನನಿತ್ಯದ ಆಟ. ಸೊಸೆಯನ್ನು ಕಂಡರೆ ಸೇರದ ಆ ಮುದುಕಿ ಮೊಮ್ಮಗಳ ಮೇಲೆ ಪ್ರಾಣವಿಟ್ಟಿದ್ದರು.

ಚಳಿಗಾಲ ಬಂದರೆ ಮನೆಯ ಕೌದಿಗಳೆಲ್ಲ ಹಾಸಿಗೆಗೆ ಬರುತ್ತವೆ. ಅವುಗಳನ್ನು ಇಡುವ ಮರದ ದೊಡ್ಡ ಸಂದೂಕ ಖಾಲಿಯಾಗುತ್ತದೆ. ಅಂಥ ಒಂದು ಚಳಿಗಾಲದ ಮಧ್ಯಾಹ್ನ ಮನೆಯಲ್ಲಿ ತಾಯಿ ಮಗಳು ಇಬ್ಬರೇ ಇದ್ದರು. ಸರಿತಾಳಿಗೆ ಜ್ವರ. ಗುಳಿಗೆ ನುಂಗಿ ಮಲಗಿದ್ದಳು. ಕೂಸು ಹೋಗಿ ಸಂದೂಕದಲ್ಲಿ ಅಡಗಿತು. ಮುಚ್ಚಳ ಬಿತ್ತು; ಹೊರಗಿನ ಕೊಂಡಿ ತಾನಾಗಿ ಸಿಕ್ಕಿಕೊಂಡಿತು. ಎಚ್ಚರಗೊಂಡ ಸರಿತಾ, ಮಗಳು ಆಟಕ್ಕೆ ಅಡಗಿದ್ದಾಳೆಂದು ತಿಳಿದು, ಅತ್ತೆಯ ರಾಗದಲ್ಲಿಯೇ “ಯಾರದಾರವ್ವಾ ಮನ್ಯಾಗ?” ಎಂದು ಕೂಗುತ್ತ ಕೋಣೆಯಿಂದ ಕೋಣೆಗೆ ತಿರುಗಿದಳು. ಉತ್ತರ ಬರಲಿಲ್ಲ. ಮನೆಯಲ್ಲಿ ಇಲ್ಲವೆಂದುಕೊಂಡು ಓಣಿಗೆ ಇಳಿದು ಹುಡುಕಿದಳು. ಭಜನೆಯಿಂದ ಬಂದು ಸಂದೂಕ ತೆರೆದವರು ಅತ್ತೆ.

ಅಂದಿನಿಂದ ಅತ್ತೆ ಹೊಸ್ತಿಲಲ್ಲಿ ಕೂಗುವುದನ್ನು ಬಿಟ್ಟರು. ಕೆಮ್ಮಿ ಒಳಗೆ ಬರುತ್ತಿದ್ದರು. ಆದರೆ ಸೊಸೆಗೆ ಆಡುವ ಮಾತನ್ನು ಬಿಡಲಿಲ್ಲ. ಊಟಕ್ಕೆ ಕುಳಿತಾಗ, ತಟ್ಟೆ ಮುಂದೆ ಬಂದ ಮೇಲೆ ನಿಧಾನವಾಗಿ ಅನ್ನುವರು: “ನಿದ್ದಿ ಬರೋಬ್ಬರಿ ಆತೇನವಾ? ಇಲ್ಲಾಂದ್ರ ಇನ್ನಷ್ಟು ಮಲಕ್ಕೊ. ಈಗ ಎಬ್ಬಸೋರು ಯಾರೂ ಇಲ್ಲ.” ಸಂಗಮೇಶ ತಟ್ಟೆ ಬಿಟ್ಟು ಎದ್ದುಹೋಗುವನು. ಸರಿತಾ ಮಾತ್ರ ಏಳುತ್ತಿರಲಿಲ್ಲ. ಅಂದದ್ದೆಲ್ಲವನ್ನೂ ಕೇಳಿಸಿಕೊಂಡು, ತುತ್ತು ಮುಗಿಸಿ, ಅತ್ತೆಯ ತಟ್ಟೆಯನ್ನೂ ತೊಳೆದಿಡುತ್ತಿದ್ದಳು.

ಒಂದು ದಿನ ಅವಳು ಅಂಗಳದಲ್ಲಿ ಅಕ್ಕಿ ಆರಿಸುತ್ತ ನನ್ನನ್ನು ಕೇಳಿದಳು. “ಅಕ್ಕಾ, ನಿಮ್ಮ ಕನಸಿನಾಗ ಪೂಜಿ ಬರ್ತಾಳೇನ್ರಿ?”

ಬರುತ್ತಾಳೆ ಎಂದೆ. ಸುಳ್ಳು ಹೇಳುವುದು ನನ್ನ ಸ್ವಭಾವವಲ್ಲ. ನನ್ನ ಯಜಮಾನರಿಗೂ ಬಂದಿದ್ದಳು, ಸಂಗಮೇಶನಿಗೂ. ಅತ್ತೆಯಂತೂ ಮುಂಜಾನೆ ಎದ್ದ ಕೂಡಲೆ, ಇವತ್ತು ಬಂದಿದ್ದಳು, ಹೋಳಿಗೆ ಕೇಳಿದಳು ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು.

“ನನಗ ಒಂದ್ ಸಲನೂ ಬಂದಿಲ್ರಿ,” ಎಂದಳು ಸರಿತಾ. “ಸಿಟ್ಟಾಗಿರಬೇಕು. ಬೈಲಿ ಬೇಕಾದ್ರ, ನಾ ಏನ್ ಬ್ಯಾಡ ಅಂತೀನಿ? ದನಿ ಒಂದ್ ಸಲ ಕೇಳ್ಸಿದ್ರ ಸಾಕಾಗಿತ್ತು. ಬ್ಯಾರೆ ಏನೂ ಬ್ಯಾಡ ನನಗ.” ಹೇಳಿ ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು. ಅವಳ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುವುದು ನಮ್ಮ ಕಡೆಯ ಹಬ್ಬ. ಚರಗವೆಂದರೆ ಆ ದಿನದ ಅಡುಗೆಯನ್ನೆಲ್ಲ ಕಲಸಿ ಹೊಲದ ನಾಲ್ಕೂ ಕಡೆ ಬೀರುವ ಎಡೆ. ನಮಗೆ ಹೊಲವಿಲ್ಲ. ಆದ್ದರಿಂದ ಅಮಾವಾಸ್ಯೆಯ ನಂತರದ ಭಾನುವಾರ ಬುತ್ತಿ ಕಟ್ಟಿಕೊಂಡು, ಸುತ್ತಲಿನ ಗುಡ್ಡಗಳ ಮೇಲಿನ ಹಳೆಯ ಊರುಗಳನ್ನು ನೋಡಿಬರುವ ಪದ್ಧತಿಯನ್ನು ಯಜಮಾನರು ಬೆಳೆಸಿದ್ದರು. ಅವರಿಗೆ ಕೋಟೆ, ಬಾವಿ, ಶಾಸನಗಳೆಂದರೆ ಹಸಿವು ನೀರಡಿಕೆ ಮರೆಯುತ್ತದೆ. ಕೂಸು ತೀರಿಕೊಂಡ ವರ್ಷ ಹಬ್ಬ ಮಾಡಲಿಲ್ಲ. ಅದರ ಮುಂದಿನ ವರ್ಷ ಅತ್ತೆಯೇ ಮಾತು ತೆಗೆದರು. ಕಣ್ಣು ಪೂರ್ತಿ ಮಂಜಾಗುವ ಮೊದಲು ತಾವು ಹುಟ್ಟಿದ ಮನೆಯನ್ನು ಒಮ್ಮೆ ನೋಡಬೇಕು ಎಂದರು. ಅತ್ತೆಯ ತವರೂರು ಮೊಗುಡಂಪಲ್ಲಿಯ ಆಚೆ, ಕೆಂಪು ಮುರುಮು ಕಲ್ಲಿನ ಗುಡ್ಡದ ಮೇಲಿತ್ತು. ನೀರಿನ ತಾಪತ್ರಯಕ್ಕೆ ಜನ ಒಬ್ಬೊಬ್ಬರಾಗಿ ಕೆಳಗಿಳಿದು ರಸ್ತೆಯ ಬದಿಗೆ ಹೊಸ ಊರು ಕಟ್ಟಿಕೊಂಡ ಮೇಲೆ, ಮೇಲಿನ ಊರು ಹಾಗೆಯೇ ಬಿದ್ದಿತ್ತು.

ಬೆಳಿಗ್ಗೆ ಮೊದಲು ನಾರಾಯಣಖೇಡದ ದಾರಿ ಹಿಡಿದು ಸಿರ್ಗಾಪುರದ ಕಡೆಗೆ ಹೋದೆವು. ಚಳಿ ಚೆನ್ನಾಗಿತ್ತು, ತೊಗರಿಯ ಹೊಲಗಳ ಮೇಲೆ ಮಂಜು ಇನ್ನೂ ಬಿಟ್ಟಿರಲಿಲ್ಲ. ಅಲ್ಲೊಂದು ದಿಬ್ಬದ ಮೇಲೆ ಹಳೆಯ ಗಢಿಯ, ಎಂದರೆ ಸಣ್ಣ ಕೋಟೆಯ, ಗೋಡೆಯೊಳಗೆ ಕೆಲವು ಮನೆಗಳು ಉಳಿದಿವೆ. ಯಜಮಾನರು ಬುರುಜಿನ ಕಲ್ಲುಗಳನ್ನು ಮುಟ್ಟಿ ಮುಟ್ಟಿ ವಿವರಿಸುವಾಗ, ಅತ್ತೆ ಜೀಪಿನಿಂದ ಇಳಿಯದೆ ಕೂಗಿದರು: “ಬಿದ್ದ ಗ್ವಾಡಿ ನೋಡಾಕ ಡೀಜಲ್ ಸುಟ್ಟು ಇಲ್ಲಿತನ ಬರ್ಬೇಕೇನೋ? ನಮ್ಮ ಮನಿ ಹಿಂದಿನ ಗ್ವಾಡಿ ಬಿದ್ದು ಎರಡ್ ಮಳಿಗಾಲ ಆತು. ಅದನ್ನ ನೋಡಿ ಕಟ್ಟಸು.” ನಾವೆಲ್ಲ ನಕ್ಕೆವು. ಸರಿತಾಳೂ ನಕ್ಕಳು. ಅವಳು ನಕ್ಕದ್ದನ್ನು ಕಂಡು ಅತ್ತೆಯ ಮುಖ ಗಂಟಾಯಿತು.

ಮಧ್ಯಾಹ್ನ ರಸ್ತೆ ಬದಿಯ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಎಳ್ಳಿನ ಹೋಳಿಗೆ, ಕಾಳು ಪಲ್ಯವೆಲ್ಲ ಕೂಡಿಸಿ ಕುದಿಸಿದ ಭಜ್ಜಿ. ಬೆಳಗಿನ ಜಾವ ಎದ್ದು ಅದಷ್ಟನ್ನೂ ಮಾಡಿದವಳು ಸರಿತಾ. ಚರಗ ಕಲಸಿದ ಬುಟ್ಟಿಯನ್ನು ಎತ್ತಿಕೊಳ್ಳಲು ಅವಳು ಬಗ್ಗಿದಾಗ ಅತ್ತೆ ತಡೆದರು. “ನೀ ಹಿಂದ ಸರಿ. ಕೂಸು ಕಳಕೊಂಡ ಕೈ ಅದು. ಭೂಮಿತಾಯಿ ಉಣ್ಣಂಗಿಲ್ಲ.” ಸಂಗಮೇಶ, “ಯವ್ವಾ, ಸಾಕ್ ಮಾಡು,” ಎಂದ. “ಏನ್ ಸುಳ್ಳಂದೆ?” ಎಂದರು ಅತ್ತೆ. ಸರಿತಾ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಚರಗವನ್ನು ನಾನು ಬೀರಿದೆ. ಅವಳು ನೀರಿನ ತಂಬಿಗೆ ಹಿಡಿದು ಹಿಂದೆ ಬರುವುದಕ್ಕೂ ಅತ್ತೆ ಬಿಡಲಿಲ್ಲ.

ಮೊಗುಡಂಪಲ್ಲಿ ದಾಟಿ ಗುಡ್ಡದ ಬುಡ ಸೇರುವಾಗ ಬಿಸಿಲು ಇಳಿಯತೊಡಗಿತ್ತು. ಜೀಪು ಹತ್ತುವಷ್ಟು ಹತ್ತಿತು, ಅಲ್ಲಿಂದ ಕಾಲುದಾರಿ. ಅತ್ತೆಯ ರಟ್ಟೆ ಹಿಡಿದು ಹತ್ತಿಸಿದವಳು ಸರಿತಾ. ಅತ್ತೆಗೆ ಆಯಾಸವಾದಾಗ ಅವಳು ತನ್ನ ತಲೆಗೆ ಕಟ್ಟಿದ್ದ ಉಣ್ಣೆಯ ಮಫ್ಲರನ್ನು ಬಿಚ್ಚಿ ಕಲ್ಲಿನ ಮೇಲೆ ಹಾಸಿ ಕೂರಿಸಿದಳು. ಆಮೇಲೆ ಅದನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡಳೇ ಹೊರತು ಮತ್ತೆ ಕಿವಿಗೆ ಕಟ್ಟಲಿಲ್ಲ. ಇಷ್ಟು ಸಣ್ಣ ಸಂಗತಿಯನ್ನು ಏಕೆ ಬರೆಯುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಮೇಲಿನ ಊರಿನಲ್ಲಿ ಒಂದು ಮನೆಗೂ ಮಾಡು ಇರಲಿಲ್ಲ. ತೊಲೆ, ಬಾಗಿಲುಗಳನ್ನು ಜನ ಕೆಳಗೆ ಒಯ್ದಿದ್ದರು. ಕೆಂಪು ಕಲ್ಲಿನ ಗೋಡೆಗಳು ಮಾತ್ರ ಓಣಿಓಣಿಯಾಗಿ ನಿಂತಿದ್ದವು. ಅತ್ತೆ ಮಂಜುಗಣ್ಣಿನಲ್ಲೂ ತಪ್ಪದೆ ತಮ್ಮ ಮನೆಯನ್ನು ಗುರುತಿಸಿದರು. ಮೂರು ಕಡೆ ಆಳೆತ್ತರದ ಗೋಡೆ. ಮುಂದಿನ ಗೋಡೆಯಲ್ಲಿ ಕಲ್ಲಿನ ಬಾಗಿಲುವಾಡ. ಹೊಸ್ತಿಲಲ್ಲಿ ನಿಂತರೆ ಒಳಗಿನದೆಲ್ಲ ಕಾಣುತ್ತಿತ್ತು: ಮೊಣಕಾಲುದ್ದದ ಒಣ ಹುಲ್ಲು, ಅರ್ಧ ಹೂತ ಬೀಸುವ ಕಲ್ಲು, ಒಲೆ ಇದ್ದ ಮೂಲೆಯ ಕಪ್ಪು. ಮೇಲೆ ಆಕಾಶ. ಒಂದು ಬೆಕ್ಕು ಅಡಗುವುದಕ್ಕೂ ಅಲ್ಲಿ ಮರೆಯಿರಲಿಲ್ಲ.

ಅತ್ತೆ ಹೊಸ್ತಿಲ ಕಲ್ಲಿನ ಮುಂದೆ ನಿಂತರು. ಅವರ ಎಡಕ್ಕೆ, ರಟ್ಟೆ ಹಿಡಿದುಕೊಂಡು, ಸರಿತಾ. ಅವರ ಹಿಂದೆ ನಾನು. ಯಜಮಾನರು ಬಲಗಡೆಯ ಗೋಡೆಯ ಬಳಿ ಕಲ್ಲು ಜೋಡಿಸಿದ ಬಗೆಯನ್ನು ನೋಡುತ್ತಿದ್ದರು. ಸಂಗಮೇಶ ಕಾಲುದಾರಿಯಲ್ಲಿ ಇನ್ನೂ ಹತ್ತಿ ಬರುತ್ತಿದ್ದ. ಅತ್ತೆ ಬಾಗಿಲುವಾಡಕ್ಕೆ ಕೈಯೂರಿ, ಚಪ್ಪಲಿ ಬಿಡುತ್ತ, ಪದ್ಧತಿಯಂತೆ ಕೂಗಿದರು. ಬಹಳ ದಿನಗಳ ಮೇಲೆ ಕೂಗಿದ್ದರಿಂದಲೋ, ತವರಿನ ಹೊಸ್ತಿಲು ಕಂಡ ಸಂಭ್ರಮದಿಂದಲೋ, ಅವರ ಬಾಯಿಗೆ ಬಂದದ್ದು ಮನೆಯಲ್ಲಿ ಪ್ರತಿ ಸಂಜೆ ಕೂಗುತ್ತಿದ್ದ ಅದೇ ರಾಗ.

“ಯಾರದಾರವ್ವಾ ಮನ್ಯಾಗ?”

“ಯಾರೂ ಇಲ್ಲಾ!”

ಉತ್ತರ ಒಳಗಿನಿಂದ ಬಂತು. ಒಲೆಯ ಮೂಲೆಯ ಕಡೆಯಿಂದ. ಕೊನೆಯ ಅಕ್ಷರ ಎಳೆದುಕೊಂಡು ಮೇಲಕ್ಕೆ ಹೋಯಿತು. ಅದರ ಹಿಂದೆಯೇ ಅಂಗೈ ಒತ್ತಿದ ಬಾಯಿಯಿಂದ, ಬೆರಳ ಸಂದಿಯಿಂದ, ಬುರ್ರನೆ ಬಂದ ನಗು. ಗಾಳಿ ಇರಲಿಲ್ಲ. ಹುಲ್ಲಿನ ಒಂದು ಎಸಳೂ ಅಲುಗಲಿಲ್ಲ. ಇದಿಷ್ಟೇ ನಡೆದದ್ದು. ಇದಕ್ಕೆ ನಾನು ಒಂದು ವಿಶೇಷಣವನ್ನೂ ಸೇರಿಸಲಾರೆ.

ಅತ್ತೆಯ ಕೈ ಬಾಗಿಲುವಾಡದಿಂದ ಜಾರಿತು. ಯಜಮಾನರು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟರು. ಕೆಳಗಿನಿಂದ ಸಂಗಮೇಶ ಓಡಿಬಂದ; ಏದುಸಿರಿನಲ್ಲಿ ಅವನು ಕೇಳಿದ್ದು ಒಂದೇ ಮಾತು: “ಎಲ್ಲಿ?”

ಸರಿತಾ ಅತ್ತೆಯನ್ನು ಹಿಂದಕ್ಕೆ ಎಳೆದುಕೊಂಡಿದ್ದಳು. ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡುತ್ತ, “ಏನ್ರಿ? ಏನಾತ್ರಿ? ಹಾವೇನ್ರಿ?” ಎಂದಳು.

ನಾನು ಒಳಗೆ ಹೋದೆ. ಧೈರ್ಯದಿಂದ ಹೋದೆನೆಂದಲ್ಲ, ಪರೀಕ್ಷಿಸದೆ ಒಪ್ಪುವುದು ನನಗೆ ಗೊತ್ತಿಲ್ಲ. ಒಲೆಯ ಮೂಲೆಯಲ್ಲಿ ಜೇಡರ ಬಲೆ ಹರಿಯದೆ ಇತ್ತು. ಹುಲ್ಲಿನಲ್ಲಿ ನಾನು ತುಳಿದ ಗುರುತುಗಳ ಹೊರತು ಬೇರೆ ಗುರುತಿರಲಿಲ್ಲ. ಹಿಂಬದಿಗೆ ಹೋಗಿ ನೋಡಿದೆ. ಗೋಡೆಯ ಆಚೆ ಗುಡ್ಡ ಬೋಳಾಗಿ ಇಳಿದಿತ್ತು. ಒಂದು ಗಿಡವೂ ಇರಲಿಲ್ಲ. ದೂರದ ಬಯಲಿನಲ್ಲಿ ಆಡಿನ ಹಿಂಡು ಚುಕ್ಕಿಗಳಂತೆ ಕಾಣುತ್ತಿತ್ತು. ಅಲ್ಲಿಂದ ಯಾರಾದರೂ ಕೂಗಿದರೂ ಅದು ಮೂಲೆಯೊಳಗಿನ ಪಿಸುನಗೆಯಾಗಿ ಬರಲಾರದು. ಅತ್ತೆಯ ಕೂಗೇ ಗೋಡೆಗೆ ಬಡಿದು ಮರಳಿತೆನ್ನೋಣವೆಂದರೆ, ಪ್ರಶ್ನೆ ಉತ್ತರವಾಗಿ ಮರಳುವ ಗೋಡೆಯನ್ನು ನಾನು ಕಂಡಿಲ್ಲ.

ಮೊದಲು ಯಜಮಾನರನ್ನು, ಆಮೇಲೆ ಸಂಗಮೇಶನನ್ನು ಬೇರೆ ಬೇರೆಯಾಗಿ ಕರೆದು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತೆ ಕೇಳಿದೆ. ನೀವು ಕೇಳಿದ್ದೇನು? ಇಬ್ಬರೂ ಆ ಎರಡೇ ಶಬ್ದಗಳನ್ನು ಹೇಳಿದರು. ಇಬ್ಬರೂ ನಗುವಿನ ವಿಷಯ ಹೇಳಿದರು. ಸಂಗಮೇಶ ಅದನ್ನು ಹೇಳಲಾರದೆ, ಅಂಗೈಯನ್ನು ತನ್ನ ಬಾಯಿಗೆ ಒತ್ತಿ ತೋರಿಸಿದ.

ಅಷ್ಟರಲ್ಲಿ ಅತ್ತೆ, “ಪೂಜೀ! ಪೂಜೀ!” ಎಂದು ಕರೆಯತೊಡಗಿದ್ದರು. ಸರಿತಾಳಿಗೆ ತಿಳಿಯಿತು. ಅವಳ ಮುಖದಲ್ಲಿ ಮೊದಲು ಕಂಡದ್ದು ಭಯವಲ್ಲ, ದುಃಖವೂ ಅಲ್ಲ. ಹಸಿದವರ ಮುಂದೆ ತಟ್ಟೆ ಬಂದಾಗ ಕಾಣುವ ಬೆಳಕು ಅದು. “ಕೇಳ್ತೇನ್ರಿ? ಆಕಿದು ದನಿ ಕೇಳ್ತೇನ್ರಿ? ಖರೆ ಹೇಳ್ರಿ ಅಕ್ಕಾ!” ನಾನು ಹೌದೆಂದು ತಲೆಯಾಡಿಸಿದೆ. ಸುಳ್ಳು ಹೇಳಲಾರೆನೆಂದು ಮೊದಲೇ ಹೇಳಿದ್ದೇನೆ. ಅವಳು ಹೊಸ್ತಿಲು ದಾಟಿ, ಹುಲ್ಲಿನಲ್ಲಿ ಮಂಡಿಯೂರಿ, ಆ ಮೂಲೆಯ ಕಡೆಗೆ ಕೈಚಾಚಿ ಕೂಗಿದಳು. “ಯಾರದಾರವ್ವಾ ಮನ್ಯಾಗ? ಯಾರದಾರವ್ವಾ?” ಉತ್ತರ ಬರಲಿಲ್ಲ. ಅವಳಿಗೂ ಬರಲಿಲ್ಲ; ನಮಗೂ ಬರಲಿಲ್ಲ.

ಆಗ ಅತ್ತೆ ಬಾಗಿಲಲ್ಲಿ ನಿಂತು ಹೇಳಿದ ಮಾತನ್ನು ಬರೆಯಲು ನನಗೆ ಇಷ್ಟವಿಲ್ಲ. ಬಿಟ್ಟರೆ ಬರಹ ಅಪೂರ್ಣವಾಗುತ್ತದೆ. “ನನಗ ಓಗೊಟ್ಟಾಳ, ನನಗ. ನಿನಗ್ಯಾಕ ಕೊಡ್ತಾಳ? ಅವತ್ತ ನೀ ಮನಿ ತುಂಬ ಕರದಾಗ ಕೊಟ್ಟಿದ್ಳೇನು?”

ಸೂರ್ಯ ಗುಡ್ಡದಾಚೆ ಇಳಿಯುವವರೆಗೂ ಸರಿತಾ ಕೂಗಿದಳು. ಗಂಟಲು ಒಡೆದು ರಾಗ ಹೋಯಿತು. ಆಮೇಲೆ ಶಬ್ದ ಹೋಯಿತು. ಆಮೇಲೆ ಉಸಿರಷ್ಟೇ ಬರುತ್ತಿತ್ತು. ಸಂಗಮೇಶ ಅವಳನ್ನು ಎತ್ತಿಕೊಂಡೇ ಗುಡ್ಡ ಇಳಿಯಬೇಕಾಯಿತು. ಜೀಪಿನ ಮುಂದಿನ ಸೀಟಿನಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಎದುರಿನ ಲಾರಿಯ ಬೆಳಕು ಅವರ ಮುಖಕ್ಕೆ ಬಿದ್ದಾಗ ನೋಡಿದೆ. ಅವರು ಸಂತೋಷವಾಗಿದ್ದರು.

ಅಂದಿನಿಂದ ನಮ್ಮ ಮನೆಯಲ್ಲಿ ಹೊಸದೊಂದು ಬಗೆಯ ಹಿಂಸೆ ಶುರುವಾಯಿತು. ಮೊದಲು ಬೈಗುಳ ತಿನ್ನಲು ಅತ್ತೆಯ ಬಳಿ ಕೂರುತ್ತಿದ್ದ ಸರಿತಾ, ಈಗ ಬೇಡಲು ಕೂರತೊಡಗಿದಳು. ಹೇಗಿತ್ತು ದನಿ? ನೆಗಡಿ ಆಗಿದ್ದಂತಿತ್ತೇ? ಹೆದರಿದಂತಿತ್ತೇ? “ಕಾಲೊತ್ತು, ಹೇಳ್ತೀನಿ,” ಎನ್ನುವರು ಅತ್ತೆ. ಅವಳು ಒತ್ತುವಳು. ಅತ್ತೆ ಗುಡ್ಡ ಹತ್ತಿದ್ದರಿಂದ ಆರಂಭಿಸುವರು. ಕಲ್ಲಿನ ಮೇಲೆ ಕೂತದ್ದು, ಬಾಗಿಲುವಾಡ ಮುಟ್ಟಿದ್ದು, ಚಪ್ಪಲಿ ಬಿಟ್ಟದ್ದು, ಕೂಗಿದ್ದು. ಅಲ್ಲಿಗೆ ಬಂದು ಆಕಳಿಸಿ, “ಉಳಿದದ್ದು ನಾಳಿಗಿ,” ಎಂದು ಮಗ್ಗುಲಾಗುವರು. ನಾನು ಒಮ್ಮೆ ತಡೆಯಲಾರದೆ, “ಅತ್ತೀ, ಇದು ಸರಿ ಅಲ್ಲ,” ಎಂದೆ. “ನೀ ಶಾಲ್ಯಾಗ ಪಾಠ ಹೇಳು, ಮನ್ಯಾಗಲ್ಲ,” ಎಂದರು. ಸರಿತಾಳೇ ನನ್ನ ಕೈ ಹಿಡಿದು, “ಹೋಗ್ಲಿ ಬಿಡ್ರಿ ಅಕ್ಕಾ. ಅವ್ರಿಗಿ ಸಿಟ್ಟು ಬಂದ್ರ ನಾಳಿಗಿ ಹೇಳಂಗಿಲ್ಲ,” ಎಂದಳು.

ಸಂಗಮೇಶ ಅವಳನ್ನು ಮತ್ತೆ ಮತ್ತೆ ಆ ಗುಡ್ಡಕ್ಕೆ ಕರೆದೊಯ್ದ. ನಾನೂ ಹೋಗಿದ್ದೇನೆ. ಅತ್ತೆ ಕೂಗಿದರೂ, ನಾನು ಕೂಗಿದರೂ, ಅವಳು ಕೂಗಿದರೂ ಏನೂ ಕೇಳಿಸಲಿಲ್ಲ. ಅವಳ ಕಿವಿಯಲ್ಲಿಯೇ ದೋಷವಿರಬಹುದೆಂದು ಪರೀಕ್ಷೆಯನ್ನೂ ಮಾಡಿಸಿದೆ. ಎರಡು ಕಿವಿಗಳೂ ಚೆನ್ನಾಗಿವೆ ಎಂದರು. ಪಕ್ಕದ ಓಣಿಯಲ್ಲಿ ಕೂಸು ಅತ್ತರೂ ಎದ್ದು ಕೂರುವವಳು ಅವಳು. ಮಫ್ಲರ್ ಅಂದು ಹೆಗಲ ಮೇಲಿತ್ತು ಎಂಬುದನ್ನು ಮೇಲೆ ಬರೆದಿದ್ದೇನೆ. ನಮ್ಮೆಲ್ಲರ ಮನಸ್ಸು ಒಂದೇ ಕ್ಷಣದಲ್ಲಿ ಒಂದೇ ಭ್ರಮೆ ಕಂಡಿತೆಂದು ಓದಿದವರೊಬ್ಬರು ನನಗೆ ತಿಳಿಹೇಳಿದರು. ಇರಬಹುದು. ಆದರೆ ನಮ್ಮೆಲ್ಲರಿಗಿಂತ ಹೆಚ್ಚು ಹಸಿದಿದ್ದ ಮನಸ್ಸು ಆ ಭ್ರಮೆಯನ್ನು ಏಕೆ ಕಾಣಲಿಲ್ಲ?

ಮುಂದಿನ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ಅವರ ಕಥೆ ಕೊನೆಯವರೆಗೂ ಹೊಸ್ತಿಲಲ್ಲಿ ಕೂಗಿದಲ್ಲಿಗೇ ನಿಂತಿತ್ತು.

ಸರಿತಾ ಆಮೇಲೆ ನನ್ನನ್ನು ಹಿಡಿದಳು. ಗಂಡನನ್ನು ಕೇಳಿದರೆ ಅವನು ಅಳುತ್ತಾನೆ. ಭಾವನನ್ನು ಕೇಳಲು ಅವಳಿಗೆ ಸಂಕೋಚ. “ನೀವು ಟೀಚರ್ ಇದ್ದೋರು. ಯಾರು ಹೆಂಗಂದ್ರು ಹಂಗೇ ಬರೋಬ್ಬರಿ ಅಂದು ತೋರಸ್ತೀರಿ. ಆಕಿ ಅಂದಂಗ ಒಮ್ಮಿ ಅನ್ರಿ ಅಕ್ಕಾ.” ನಾನು ಬಹಳ ಕಾಲ ಒಪ್ಪಲಿಲ್ಲ. ಸತ್ತ ಕೂಸಿನ ದನಿಯನ್ನು ಅಣಕಿಸುವುದು ಅಸಹ್ಯವೆನಿಸುತ್ತಿತ್ತು.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಇಬ್ಬರೂ ಅಂಗಳದಲ್ಲಿ ಕೌದಿಗಳನ್ನು ಬಿಸಿಲಿಗೆ ಹರವುತ್ತಿದ್ದೆವು. ಅವಳು ಮತ್ತೆ ಕೇಳಿದಳು. ಅವಳ ಕೂದಲು ಬೆಳ್ಳಗಾಗತೊಡಗಿದ್ದನ್ನು ಅಂದು ಕಂಡೆ. ಆಯಿತು ಎಂದೆ. ಅವಳು ಕೈಯಲ್ಲಿದ್ದ ಕೌದಿಯನ್ನು ಎದೆಗೆ ಒತ್ತಿಕೊಂಡು ನನ್ನ ಎದುರಿಗೆ ಬಂದು ನಿಂತಳು. ನಾನು ಅತ್ತೆಯ ಪ್ರಶ್ನೆಯನ್ನು ಮೊದಲು ಅಂದೆ. ಅವಳು ತಲೆಯಾಡಿಸಿದಳು. ಆಮೇಲೆ ಉತ್ತರವನ್ನು, ಒಂದು ಮಾತ್ರೆಯೂ ತಪ್ಪದಂತೆ, ಕೊನೆಯ ಅಕ್ಷರವನ್ನು ಅಷ್ಟೇ ಎಳೆದು, ಅಷ್ಟೇ ಮೇಲಕ್ಕೆ ಒಯ್ದು, ಗಟ್ಟಿಯಾಗಿ ಅಂದೆ.

“ಯಾರೂ ಇಲ್ಲಾ!”

ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ನಗುತ್ತ ಕೂಗಿದಳು: “ಯಾರೂ ಇಲ್ಲಂದ್ರ ಈಗ ಮಾತಾಡಿದ್ದು ಯಾರ್ರೀ ಟೀಚರಮ್ಮಾ?”

ಸರಿತಾ ಗೋಡೆಯ ಕಡೆ ಒಮ್ಮೆ ನೋಡಿದಳು; ಆಕೆಯ ಮಾತು ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಮತ್ತೆ ನನ್ನ ತುಟಿಗಳ ಮೇಲೆ ಕಣ್ಣು ನೆಟ್ಟು, ಕಾಯುತ್ತ, ಮೆಲ್ಲಗೆ ಹೇಳಿದಳು.

“ಆಕಿ ಯಾಕ್ ಹಂಗಂತಾಳ್ರಿ? ನೀವಿನ್ನಾ ಏನೂ ಅಂದೇ ಇಲ್ಲಲ್ಲ. ಬಾಯಿ ತಗದು ಯಾಕ್ ಸುಮ್ಮನಾದ್ರಿ? ಅನ್ರಿ ಅಕ್ಕಾ.”